ಮಣೆಯಗಲದ ಜಾಗದಲ್ಲಿ ರೈಲುದಾರಿ

ಆಟಿಕೆಯ ರೈಲಿಗೂ ಮಾದರಿ ರೈಲಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಆಟಿಕೆಯು ರೈಲಿನಂತೆ ಕಂಡರೆ ಸಾಕು. ಮಾದರಿಯಾದರೋ ನಿಜವಾದ ರೈಲಿನ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದ್ದಾಗಿರಬೇಕು. ಗಾಡಿಯ ಬಾಗಿಲು ಎಂಬತ್ತೇಳರಲ್ಲಿ ಒಂದು ಪಾಲಾದರೆ, ಆ ಬಾಗಿಲಲ್ಲಿ ನಿಂತ ಗಾರ್ಡೂ, ನಿಲ್ದಾಣದ ಪಕ್ಕದ ಬೇವಿನ ಮರವೂ ಅಷ್ಟೇ ಪಾಲಾಗಬೇಕು. ಈ ಕಟ್ಟುಪಾಡಿನಲ್ಲಿಯೇ ಈ ಹವ್ಯಾಸದ ಸೊಗಸಿದೆ.

‘ಅದಕ್ಕೆಲ್ಲ ನಮ್ಮ ಮನೆಯಲ್ಲಿ ಜಾಗವೆಲ್ಲಿ?’ ಎಂದು ನೀವು ಕೇಳಬಹುದು. ಪ್ರಶ್ನೆ ಸಹಜವಾದದ್ದೇ. ಒಂದಕ್ಕೆ ಎಂಬತ್ತೇಳರ ಪ್ರಮಾಣದಲ್ಲಿ ದೊಡ್ಡ ರೈಲನ್ನು ಮಾಡಿದರೆ ತಿರುವಿಗೆ 18 ಅಂಗುಲದ ತ್ರಿಜ್ಯವಾದರೂ ಬೇಕೆಂಬುದು ರೂಢಿ. ಒಂದು ಸುತ್ತು ಬರಲು, ಅಂಚೂ ಸೇರಿ, ನಾಲ್ಕಡಿ ಅಗಲದ ಮೇಜಾಗುತ್ತದೆ. ಆದರೆ ರೈಲುಗಳಲ್ಲೇ ಚಿಕ್ಕ ಜಾತಿಯೊಂದಿದೆ. ಅದೇ ನ್ಯಾರೋ ಗೇಜ್.

ಎರಡು ಹಳಿಗಳ ಒಳ ಅಂಚುಗಳ ನಡುವಣ ಅಂತರಕ್ಕೆ ಗೇಜ್ ಎಂದು ಹೆಸರು. ನಮ್ಮ ಬ್ರಾಡ್ ಗೇಜಿನಲ್ಲಿ ಇದು 1676 ಮಿಲಿಮೀಟರ್. ಕಾಲ್ಕಾ–ಶಿಮ್ಲಾ ದಾರಿಯಲ್ಲಿ ಕೇವಲ 762, ಎಂದರೆ ಎರಡೂವರೆ ಅಡಿ. 1881ರಲ್ಲಿ ತೆರೆದ ಡಾರ್ಜಿಲಿಂಗ್ ದಾರಿಯಲ್ಲಿ ಇನ್ನೂ ಕಡಮೆ, 610. ಹಳಿ ಕಿರಿದಾದರೆ ಎಂಜಿನ್ನೂ ಗಾಡಿಯೂ ಹಗುರಾಗುತ್ತವೆ, ಕಟ್ಟುವ ಖರ್ಚು ತಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬೆಟ್ಟದ ಮೈಯನ್ನು ಬಳಸಿಕೊಂಡು ಹೋಗುವ ಕಡಿದಾದ ತಿರುವುಗಳು ಸಾಧ್ಯವಾಗುತ್ತವೆ. ಡಾರ್ಜಿಲಿಂಗ್ ದಾರಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 18 ಮೀಟರ್. ಇದನ್ನು 87ರಿಂದ ಭಾಗಿಸಿ ನೋಡಿ: 21 ಸೆಂಟಿಮೀಟರಿಗಿಂತ ಕಡಮೆ! ದೊಡ್ಡ ರೈಲನ್ನು ಮೇಜಿನ ಮೇಲೆ ತರಬೇಕಾದರೆ ತಿರುವುಗಳನ್ನು ಬಹಳವಾಗಿ ಹಿಂಡಬೇಕು. ಚಿಕ್ಕ ರೈಲು ಬಹುಮಟ್ಟಿಗೆ ಇದ್ದ ಹಾಗೆಯೇ ಬಂದು ಕೂಡುತ್ತದೆ.

ನಮ್ಮ ನಾಡಿಗೂ ಇದು ಹೊಸದಲ್ಲ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 762 ಮಿಲಿಮೀಟರಿನ ದಾರಿ ತೆರೆಯಿತು. ಅನಂತರ ಅದೇ ಅಳತೆಯ ಹಳಿ ಚಿಕ್ಕಬಳ್ಳಾಪುರ, ನಂದಿ ಹಾಲ್ಟ್, ದೇವನಹಳ್ಳಿಗಳ ಮೇಲೆ ಯಲಹಂಕದವರೆಗೂ ಕೂಡಿಕೊಂಡಿತು. ಈ ದಾರಿಯನ್ನು ಹಂತಹಂತವಾಗಿ ಬ್ರಾಡ್ ಗೇಜಿಗೆ ಬದಲಾಯಿಸುವ ಕೆಲಸ 2013ರಲ್ಲಿ ಮುಗಿಯಿತು. ಹಳೆಯ ನಿಲ್ದಾಣದ ಕಟ್ಟಡಗಳು ಕೆಲವು ನಿಂತಿವೆ. ಹಳಿಯೂ ಗಾಡಿಯೂ ಇಲ್ಲ. ಆ ಗಾಡಿಯಲ್ಲಿ ಕೂತು ಹೋದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಆದುದರಿಂದ ಮಾದರಿ ಮಾಡುವವರಿಗೆ ಇದಕ್ಕಿಂತ ತಕ್ಕ ವಸ್ತು ಬೇರೆ ಬೇಡ.

ಮೊದಲು ಲೆಕ್ಕವನ್ನು ತಿಳಿಯೋಣ. ಈ ಪ್ರಮಾಣದಲ್ಲಿ ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಆರಡಿಯ ಆಳು 21 ಮಿಲಿಮೀಟರ್ ಆಗುತ್ತಾನೆ. ಎರಡೂವರೆ ಅಡಿಯ ಗೇಜ್ 8.75 ಆಗುತ್ತದೆ. ಇಲ್ಲೊಂದು ಅನುಕೂಲ ಒದಗಿ ಬಂದಿದೆ. ಒಂದಕ್ಕೆ ನೂರರವತ್ತರ ‘ಎನ್’ ಅಳತೆಯ ಮಾದರಿ ರೈಲುಗಳ ಹಳಿಯಂತರ 9 ಮಿಲಿಮೀಟರ್. ಅವುಗಳ ಚಕ್ರ, ಮೋಟಾರು, ಚಾಸಿಗಳು ಸಿದ್ಧವಾಗಿ ದೊರೆಯುತ್ತವೆ. ಅವನ್ನೇ ಅಡಿಯಲ್ಲಿಟ್ಟು, ಮೇಲಿನ ಒಡಲನ್ನು ನಮ್ಮ ದೊಡ್ಡ ಪ್ರಮಾಣದಲ್ಲಿ ಕಟ್ಟಿದರೆ ನ್ಯಾರೋ ಗೇಜಿನ ಗಾಡಿಯಾಯಿತು. ಕಾಲು ಮಿಲಿಮೀಟರಿನ ವ್ಯತ್ಯಾಸ ನಿಜವಾದ ದಾರಿಯಲ್ಲಿ ಒಂದು ಅಂಗುಲಕ್ಕೂ ಕಡಮೆ, ಕಣ್ಣಿಗೆ ಕಾಣುವುದಿಲ್ಲ.

ಇನ್ನು ಹಲಗೆ. 60 ಸೆಂಟಿಮೀಟರ್ ಉದ್ದ, 40 ಅಗಲದ ಪ್ಲೈವುಡ್ ಸಾಕು. ಊಟದ ಮಣೆಗಿಂತ ಬಹಳ ದೊಡ್ಡದೇನಲ್ಲ. ಬಾಗದಂತೆ ಅಡಿಯಲ್ಲಿ ಮರದ ಪಟ್ಟಿಗಳನ್ನು ಹೊಡೆಯಿರಿ. ಕೈವಾರದಿಂದ 15 ಸೆಂಟಿಮೀಟರ್ ತ್ರಿಜ್ಯದ ಎರಡು ಅರ್ಧವೃತ್ತಗಳನ್ನೆಳೆದು, ಅವುಗಳ ನಡುವೆ 20 ಸೆಂಟಿಮೀಟರಿನ ನೇರ ಗೆರೆಗಳನ್ನು ಕೂಡಿಸಿ. ಸುತ್ತಲೂ 5 ಸೆಂಟಿಮೀಟರ್ ಅಂಚು ಉಳಿಯುತ್ತದೆ. ದಾರಿಯ ಉದ್ದ ಸುಮಾರು 134 ಸೆಂಟಿಮೀಟರ್. ತಿರುವಿನ ತ್ರಿಜ್ಯ ಗಾಡಿಯ ಉದ್ದದ ಮೂರರಷ್ಟಾದರೂ ಇರಬೇಕೆಂಬುದು ಅನುಭವಿಗಳ ಸೂತ್ರ. ಆದ್ದರಿಂದ ಇಲ್ಲಿ ಗಾಡಿಗಳು 5 ಸೆಂಟಿಮೀಟರ್ ಮೀರಬಾರದು. ನಾಲ್ಕು ಚಕ್ರದ ಚಿಕ್ಕ ಗಾಡಿಗಳೇ ಇಲ್ಲಿಗೆ ಸರಿ. ಉದ್ದನೆಯ ಗಾಡಿ ಬೇಕೆಂದರೆ ಹಲಗೆಯನ್ನೂ ದೊಡ್ಡದು ಮಾಡಬೇಕು.

ಹಳಿ ಹಾಸುವುದೇ ಈ ಕೆಲಸದ ಜೀವಾಳ. ಕಂಬಿಯು ನಿಕ್ಕಲ್ ಬೆಳ್ಳಿ ಎಂಬ ಲೋಹದ್ದು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ. ತಾಮ್ರ, ನಿಕ್ಕಲ್, ಸತುಗಳ ಬೆರಕೆ. 1.4 ಮಿಲಿಮೀಟರ್ ಎತ್ತರದ ಕಂಬಿ ಸುಮಾರು 2.7 ಮೀಟರ್ ಬೇಕು. ಸ್ಲೀಪರುಗಳಿಗೆ ರೇಡಿಯೊ ಕೆಲಸದವರು ಬಳಸುವ ತಾಮ್ರ ಹೊದಿಸಿದ ಹಲಗೆಯನ್ನು ತಂದು, 18 ಮಿಲಿಮೀಟರ್ ಉದ್ದ, 3 ಅಗಲದ ತುಂಡುಗಳಾಗಿ ಕತ್ತರಿಸಿ. ಏಳು ಮಿಲಿಮೀಟರಿಗೊಂದರಂತೆ ಇಟ್ಟರೆ ಒಟ್ಟು 190ರಷ್ಟಾಗುತ್ತವೆ. ಆದರೆ ನಾಲ್ಕಕ್ಕೊಂದು ತಾಮ್ರದ್ದಾದರೆ ಸಾಕು. ಉಳಿದವನ್ನು ಅದೇ ದಪ್ಪದ ಮರದಿಂದ ಮಾಡಬಹುದು.

ಒಂದು ಎಚ್ಚರಿಕೆ. ತಾಮ್ರದ ತುಂಡಿನ ನಡುವೆ ಅರದಿಂದ ತಾಮ್ರವನ್ನು ಅಡ್ಡಲಾಗಿ ಕೆರೆದು ತೆಗೆಯಬೇಕು. ಇಲ್ಲವಾದರೆ ಎರಡು ಹಳಿಗಳಿಗೂ ಸಂಪರ್ಕವುಂಟಾಗಿ ಶಾರ್ಟ್ ಆಗುತ್ತದೆ. ಟಾರ್ಚಿನ ಬಲ್ಬನ್ನೂ ಶೆಲ್ಲನ್ನೂ ತಂತಿಯಿಂದ ಜೋಡಿಸಿ, ತಂತಿಯ ಎರಡು ತುದಿಗಳನ್ನು ಎರಡು ಹಳಿಗಳಿಗೆ ಮುಟ್ಟಿಸಿ ಪರೀಕ್ಷಿಸಿ. ಬಲ್ಬು ಉರಿದರೆ ಎಲ್ಲಿಯೋ ತಾಮ್ರ ಉಳಿದಿದೆಯೆಂದೇ ಅರ್ಥ.

ಮೊದಲು ಹೊರಗಿನ ಕಂಬಿಯನ್ನು ಗೆರೆಗೆ ಸರಿಯಾಗಿ ಬಗ್ಗಿಸಿ, ರಾಳ ಸವರಿ, ಬೆಸುಗೆ ಹಾಕಿ. ಅನಂತರ 9 ಮಿಲಿಮೀಟರ್ ಅಗಲದ ಹಿತ್ತಾಳೆಯ ತುಂಡೊಂದನ್ನು ಅಳತೆಗೋಲಾಗಿ ಒತ್ತಿಟ್ಟು ಒಳಗಿನ ಕಂಬಿಯನ್ನು ಹಾಕಿ. ತಿರುವಿನಲ್ಲಿ ಕೂದಲೆಳೆಯಷ್ಟು ಸಡಿಲ ಬಿಡಬೇಕು. ನಿಜವಾದ ರೈಲಿನಲ್ಲಿಯೂ ಬಿಗಿಯಾದ ತಿರುವುಗಳಲ್ಲಿ ಹೀಗೆ ಮಾಡುವುದುಂಟು. ಅರ್ಧ ಮಿಲಿಮೀಟರ್ ತಪ್ಪಿದರೂ ಗಾಡಿ ಹಳಿ ತಪ್ಪೀತು. ಆದುದರಿಂದ ದಿನಕ್ಕೆ ಒಂದು ಗೇಣು ಹಾಸಿದರೂ ಸಾಕು, ಅವಸರ ಬೇಡ. ಬೆಸುಗೆಯಲ್ಲಿ ಸೀಸವಿರುವುದುಂಟು, ಕಿಟಕಿ ತೆರೆದಿರಲಿ, ಕೆಲಸವಾದ ಮೇಲೆ ಕೈ ತೊಳೆಯಿರಿ, ಮಕ್ಕಳೊಬ್ಬರನ್ನೇ ಬಿಡಬೇಡಿ.

ಎಂಜಿನ್ನು 12 ವೋಲ್ಟಿನ ನೇರ ವಿದ್ಯುತ್ತಿನಿಂದ ಓಡುತ್ತದೆ. ಒಂದು ಹಳಿಗೆ ಧನ, ಇನ್ನೊಂದಕ್ಕೆ ಋಣ. ಅದಲುಬದಲು ಮಾಡಿದರೆ ಗಾಡಿ ಹಿಮ್ಮುಖವಾಗುತ್ತದೆ. ಮಾದರಿ ರೈಲಿಗೆಂದೇ ಮಾಡಿದ ನಿಯಂತ್ರಕವನ್ನೇ ಬಳಸಿ. ಮನೆಯ ವಿದ್ಯುತ್ತನ್ನು ನೇರವಾಗಿ ಹಳಿಗೆ ಎಂದೂ ಕೊಡಕೂಡದು. ಹಳಿ ಮಂಕಾದರೆ ವಿದ್ಯುತ್ತು ಚಕ್ರಕ್ಕೆ ಏರದು. ಮೆತ್ತನೆಯ ಬಟ್ಟೆಯಿಂದ ಆಗಾಗ ಒರೆಸುತ್ತಿರಬೇಕು.

ಗಾಡಿಯ ಒಡಲಿಗೆ ದಪ್ಪ ರಟ್ಟು ಸಾಕು. ಏಳಡಿ ಅಗಲದ ಗಾಡಿ ಇಲ್ಲಿ 24.5 ಮಿಲಿಮೀಟರ್ ಆಗಿ, ಹಳಿಯ ಇಕ್ಕೆಲಗಳಲ್ಲೂ ಚಾಚಿಕೊಂಡಿರುತ್ತದೆ. ಆ ಚಾಚೇ ನ್ಯಾರೋ ಗೇಜಿನ ಚಹರೆ. ಬೆಟ್ಟಕ್ಕೆ ಥರ್ಮೋಕೋಲನ್ನು ಕೊರೆದು, ಮೈದಾ ಗಂಜಿಯಲ್ಲಿ ಅದ್ದಿದ ಹಳೆಯ ಪತ್ರಿಕೆಯ ಪಟ್ಟಿಗಳನ್ನು ಹೊದಿಸಿ. ಹುಳು ಹಿಡಿಯದಂತೆ ಗಂಜಿಗೆ ಚಿಟಿಕೆ ಮೈಲುತುತ್ತ ಬೆರೆಸಬಹುದು. ಅದು ವಿಷ, ಜೋಪಾನ. ಎರಡಂಗುಲದ ಜಲ್ಲಿ ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿಗೆ ತುಸು ಹೆಚ್ಚು. ಜರಡಿ ಹಿಡಿದ ಮರಳೇ ಅದಕ್ಕೆ ಸರಿ. ಮರಗಳನ್ನು ಮಾತ್ರ ಅನೇಕರು ಬಹಳ ಕುಳ್ಳಗೆ ಮಾಡಿಬಿಡುತ್ತಾರೆ. ನಲವತ್ತಡಿಯ ಬೇವು ಇಲ್ಲಿ 14 ಸೆಂಟಿಮೀಟರ್ ಎತ್ತರವಿರಬೇಕು. ಅಂಥ ಒಂದು ಮರವನ್ನು ನಿಲ್ದಾಣದ ಪಕ್ಕದಲ್ಲಿ ನಿಲ್ಲಿಸಿ ನೋಡಿ. ರೈಲು ಎಷ್ಟು ಚಿಕ್ಕದೆಂಬುದು ಆಗ ತಿಳಿಯುತ್ತದೆ.

ಕಡೆಯ ಮಾತು ವೇಗದ್ದು. ಪ್ರಮಾಣ ಅಳತೆಗೆ ಮಾತ್ರವಲ್ಲ, ಓಟಕ್ಕೂ ಸಲ್ಲಬೇಕು. ಗಂಟೆಗೆ 20 ಕಿಲೋಮೀಟರಿನಂತೆ ಹೋಗುವ ಗಾಡಿ ನಮ್ಮ ಹಲಗೆಯ ಮೇಲೆ ಸೆಕೆಂಡಿಗೆ 6.4 ಸೆಂಟಿಮೀಟರ್ ಮಾತ್ರ ಸಾಗಬೇಕು. ಒಂದು ಸುತ್ತಿಗೆ 21 ಸೆಕೆಂಡು. ಗಡಿಯಾರ ಹಿಡಿದು ಸರಿಪಡಿಸಿಕೊಳ್ಳಿ. ಹಾಗೆ ನಿಧಾನವಾಗಿ ಓಡಿಸಿದ ದಿನ, ಕೋಲಾರದ ಕಡೆಯ ಹಿರಿಯರೊಬ್ಬರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಾಡಿಯ ಬಣ್ಣ, ಸೀಟಿನ ಹಲಗೆ, ಸೀಟಿಯ ದನಿ ಇವುಗಳ ವಿಷಯವಾಗಿ ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಅಳತೆಗಳು ಪುಸ್ತಕದಲ್ಲಿ ದೊರೆತಾವು. ಈ ವಿವರಗಳು ಅವರೊಡನೆಯೇ ಹೋಗಿಬಿಡುತ್ತವೆ.