ನೋಟರಿ ಸೀಲ್ ಬಿದ್ದ ಮಾತ್ರಕ್ಕೆ ವಿದೇಶದಲ್ಲಿ ನಡೆಯುತ್ತಾ? ಗೌರವ ಕಾನ್ಸುಲೇಟ್‌ನಲ್ಲಿ ಏನಾಗುತ್ತೆ, ಏನಾಗಲ್ಲ

ಕುಂದಾಪುರ: ಗಲ್ಫ್‌ನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಮೊದಲ ಓಟ ಕೋರ್ಟ್ ಹತ್ತಿರದ ನೋಟರಿ ಕಡೆಗೆ. ಸರ್ಟಿಫಿಕೇಟ್ ಜೆರಾಕ್ಸ್‌ಗೆ ಸೀಲ್ ಹಾಕಿಸಿ, ಬೆಂಗಳೂರಿನ ಕಾನ್ಸುಲೇಟ್‌ನಲ್ಲಿ ಇನ್ನೊಂದು ಸೀಲ್ ಹಾಕಿಸಿದರೆ ಮುಗೀತು ಅಂತ ಹಲವರು ತಿಳಿದಿದ್ದಾರೆ. ಹಾಗೆ ಹೋದರೆ ಬಸ್ ಚಾರ್ಜ್ ದಂಡ. ಕೆಲಸಕ್ಕೆ ಸೇರುವ ದಿನವೂ ತಪ್ಪಬಹುದು.

ಗೌರವ ಕಾನ್ಸುಲ್ ಯಾರು?

ರಾಯಭಾರ ಕಚೇರಿ ಇರುವುದು ದೆಹಲಿಯಲ್ಲಿ. ಬೆಂಗಳೂರಿನಂಥ ಊರಿನಲ್ಲಿ ಕೆಲವು ದೇಶಗಳು ಸಂಬಳದ ಅಧಿಕಾರಿ ಬದಲು ಸ್ಥಳೀಯರೊಬ್ಬರನ್ನು, ಹೆಚ್ಚಾಗಿ ಉದ್ಯಮಿಯನ್ನು, ಗೌರವ ಕಾನ್ಸುಲ್ ಆಗಿ ನೇಮಿಸುತ್ತವೆ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದಲ್ಲಿ ಇದಕ್ಕೆ ಅವಕಾಶ ಇದೆ. ನೋಟರಿ ಕೆಲಸವನ್ನೂ ಅದು ಕಾನ್ಸುಲರ್ ಕೆಲಸ ಅಂತಲೇ ಹೇಳುತ್ತೆ. ಆದರೆ ನೇಮಿಸಿದ ದೇಶ ಎಷ್ಟು ಅಧಿಕಾರ ಕೊಟ್ಟಿದೆಯೋ ಅಷ್ಟೇ. ಕೆಲವರು ಸಹಿ ದೃಢೀಕರಣ, ನಕಲು ದೃಢೀಕರಣ, ಆ ದೇಶದ ಪಿಂಚಣಿದಾರರ ಜೀವಂತ ಪ್ರಮಾಣಪತ್ರ ಮಾಡಿಕೊಡುತ್ತಾರೆ. ಇನ್ನು ಕೆಲವರು ದೆಹಲಿಗೆ ಹೋಗಿ ಅಂತಾರೆ. ಹಾಗಾಗಿ ಫೋನ್ ಮಾಡಿ ಕೇಳಿಯೇ ಹೊರಡಿ.

ಸೀಲ್ ಹೇಳೋದೇನು?

ಸರ್ಟಿಫಿಕೇಟ್‌ನಲ್ಲಿ ಬರೆದದ್ದೆಲ್ಲ ಸತ್ಯ ಅಂತ ಈ ಸೀಲ್ ಹೇಳಲ್ಲ. ಅದರ ಹಿಂದಿನ ಸಹಿ, ಸೀಲ್ ಅಸಲಿ ಅಂತ ಹೇಳುತ್ತೆ, ಅಷ್ಟೇ. ಕುಂದಾಪುರದ ನೋಟರಿ ಸಹಿ ವಿದೇಶಿ ಕಚೇರಿಗೆ ಹೇಗೆ ಗೊತ್ತಿರುತ್ತೆ? ಅದಕ್ಕೇ ಮೆಟ್ಟಿಲು ಹತ್ತಿದ ಹಾಗೆ ಕೆಳಗಿನಿಂದ ಹೋಗಬೇಕು.

ಮೊದಲು ರಾಜ್ಯದ ಹಂತ: ಶಿಕ್ಷಣದ ದಾಖಲೆಗೆ ಶಿಕ್ಷಣ ಇಲಾಖೆ, ಜನನ, ವಿವಾಹ ಪತ್ರಕ್ಕೆ ಸಾಮಾನ್ಯವಾಗಿ ಗೃಹ ಇಲಾಖೆ, ವ್ಯಾಪಾರದ ದಾಖಲೆಗೆ ವಾಣಿಜ್ಯ ಮಂಡಳಿ. ಆಮೇಲೆ ಕೇಂದ್ರ ವಿದೇಶಾಂಗ ಸಚಿವಾಲಯ. ಅಲ್ಲಿ ಕಾಗದವನ್ನು ನೇರವಾಗಿ ತಗೊಳ್ಳಲ್ಲ, ಸಚಿವಾಲಯ ನೇಮಿಸಿದ ಏಜೆನ್ಸಿ ಮೂಲಕ ಕೊಡಬೇಕು. 2019ರಿಂದ ಬೆಂಗಳೂರಿನಲ್ಲೂ ಈ ಸೇವೆ ಇದೆ.

ಯಾವ ದೇಶ ಅನ್ನೋದು ಮುಖ್ಯ

1961ರ ಹೇಗ್ ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ 2005ರ ಜುಲೈನಿಂದ ಜಾರಿಯಲ್ಲಿದೆ. ಒಮಾನ್, ಬಹ್ರೇನ್ ಕೂಡ ಇದರಲ್ಲಿವೆ. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಈ ದೇಶಗಳಿಗೆ ಸಚಿವಾಲಯದ ಅಪೊಸ್ಟಿಲ್ ಸಾಕು, ಕಾನ್ಸುಲೇಟ್ ಮೆಟ್ಟಿಲು ಹತ್ತಬೇಕಿಲ್ಲ. ಯುಎಇ, ಕುವೈತ್‌ಗೆ ಹೋಗೋರು ಮಾತ್ರ ಸಚಿವಾಲಯದ ಸೀಲ್ ಆದ ಮೇಲೆ ಆ ದೇಶದ ರಾಯಭಾರ ಕಚೇರಿ ಅಥವಾ ಅಧಿಕಾರ ಇರುವ ಕಾನ್ಸುಲೇಟ್‌ನ ಸೀಲನ್ನೂ ಹಾಕಿಸಬೇಕು.

ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಏಜೆನ್ಸಿಯ ಸೇವಾ ಶುಲ್ಕ ಬೇರೆ. ಸಾವಿರಗಟ್ಟಲೆ ಕೇಳುವ ಬ್ರೋಕರ್ ಸಿಕ್ಕರೆ ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಕೇಳಿ, ರಸೀದಿ ಪಡೆಯಿರಿ.

ಮೂಲ ಸರ್ಟಿಫಿಕೇಟ್‌ಗೆ ಲ್ಯಾಮಿನೇಷನ್ ಮಾಡಿಸಬೇಡಿ, ಸೀಲ್ ಬೀಳಬೇಕಾದ್ದು ಅದರ ಮೇಲೆಯೇ. ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ಎರಡರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ವೀಸಾ ಬಂದ ಮೇಲೆ ತಿದ್ದಿಸಲು ಓಡಾಡೋಕೆ ಟೈಮ್ ಇರಲ್ಲ.