ಇನ್ನೂರು ಗಂಟೆಗಳೂ ಒಂದು ಮಳೆಗಾಲವೂ

ಜೀಡಿಮೆಟ್ಲಾದ ಕಾರ್ಖಾನೆಗಳ ಬೆಳಗಿನ ಪಾಳಿಯವರಿಗೆ ಇಡ್ಲಿ, ಚಹ ಒದಗಿಸುವ ನಮ್ಮವರಿಗೆ ವಿಮಾನದ ಸದ್ದು ಹೊಸದಲ್ಲ. ದಕ್ಷಿಣಕ್ಕೆ ಬೇಗಂಪೇಟೆ, ಈಶಾನ್ಯಕ್ಕೆ ಹಕೀಂಪೇಟೆ, ಉತ್ತರಕ್ಕೆ ದುಂಡಿಗಲ್ಲು, ಹೀಗೆ ಮೂರು ವಿಮಾನನೆಲೆಗಳ ನಡುವೆ ಸಿಕ್ಕಿದ ಊರು ಇದು. ಕಡೆಯ ಎರಡು ವಾಯುಪಡೆಗೆ ಸೇರಿದುವು. ಬೇಗಂಪೇಟೆಯಿಂದ ಪ್ರಯಾಣಿಕರ ವಿಮಾನಗಳು 2008ರ ಮಾರ್ಚ್ ತಿಂಗಳಲ್ಲಿ ಶಂಷಾಬಾದಿಗೆ ಹೊರಟುಹೋದರೂ, ಹಾರಲು ಕಲಿಯುವವರ ಪುಟ್ಟ ವಿಮಾನಗಳು ಅಲ್ಲಿಯೇ ಉಳಿದುವು. ಆದರೆ ಆಷಾಢ ಬಂದು ಮೋಡ ಕೆಳಕ್ಕೆ ಇಳಿಯಿತೆಂದರೆ ಆ ಸಣ್ಣ ಎಂಜಿನ್ನುಗಳ ಸದ್ದು ದಿನಗಟ್ಟಲೆ ಕೇಳಿಬರುವುದಿಲ್ಲ. ಆ ದಿನಗಳಲ್ಲಿ ಕಲಿಯುವ ಹುಡುಗರ ಗತಿಯೇನೆಂಬುದೇ ನಮ್ಮ ಇಂದಿನ ವಿಷಯ.

ಇದು ಶ್ರೀಮಂತರ ಮಕ್ಕಳ ಮಾತೆಂದು ವಾಚಕರು ಪುಟ ಮಗುಚಬಾರದು. ಹೋಟೆಲಿನ ಗಲ್ಲೆಯಲ್ಲಿ ಕುಳಿತವರ ಮಗನೂ, ಕಚೇರಿಯ ಗುಮಾಸ್ತರ ಮಗಳೂ ಇಂದು ಪೈಲಟ್ ಆಗುವ ಮಾತನಾಡುತ್ತಾರೆ. ಊರಿನ ತೋಟವನ್ನು ಅಡವಿಟ್ಟು, ಬ್ಯಾಂಕಿನಲ್ಲಿ ಸಾಲವೆತ್ತಿ, ಹತ್ತಾರು ಲಕ್ಷ ರೂಪಾಯಿ ಕಟ್ಟುವ ಮುನ್ನ ತಂದೆತಾಯಿಗಳು ಶಾಲೆಯ ಶುಲ್ಕವನ್ನು ವಿಚಾರಿಸುತ್ತಾರೆ, ಊಟ ವಸತಿಯನ್ನು ವಿಚಾರಿಸುತ್ತಾರೆ. ಆಕಾಶವನ್ನು ವಿಚಾರಿಸುವವರು ಕಡಮೆ.

ವಾಣಿಜ್ಯ ಚಾಲಕರ ಲೈಸೆನ್ಸಿಗೆ ನಮ್ಮ ದೇಶದ ನಿಯಮದಂತೆ ಒಟ್ಟು 200 ಗಂಟೆಗಳ ಹಾರಾಟ ಆಗಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆಯನ್ನು ತಾನೇ ಹೊತ್ತು ಹಾರಿದುದಾಗಿರಬೇಕು. ಊರಿಂದೂರಿಗೆ ಹೊಣೆ ಹೊತ್ತು ಹಾರಿದುದು 20 ಗಂಟೆ. ಅದರೊಳಗೆ ಒಂದು ಯಾನವಾದರೂ 300 ನಾಟಿಕಲ್ ಮೈಲಿಗೆ, ಎಂದರೆ ಸುಮಾರು 555 ಕಿಲೋಮೀಟರಿಗೆ ಕಡಮೆಯಾಗದೆ, ನಡುವೆ ಬೇರೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ನಿಂತುದಾಗಿರಬೇಕು. ಉಪಕರಣಗಳನ್ನಷ್ಟೇ ನೋಡಿ ಹಾರುವ ಅಭ್ಯಾಸ 10 ಗಂಟೆ, ರಾತ್ರಿಯ ಹಾರಾಟ 5 ಗಂಟೆ. ಗಂಟೆಯ ಎಣಿಕೆಯೂ ಬಿಗಿಯಾದುದೇ. ಹಾರುವುದಕ್ಕಾಗಿ ವಿಮಾನವು ತನ್ನ ಬಲದಿಂದ ಕದಲಿದ ನಿಮಿಷದಿಂದ ಮರಳಿ ನಿಂತ ನಿಮಿಷದವರೆಗಿನ ಕಾಲ ಮಾತ್ರ ಲಾಗ್‌ಬುಕ್ಕಿಗೆ ಏರುತ್ತದೆ. ನಮ್ಮ ಕಚೇರಿಗಳಲ್ಲಿ ಹಾಜರಿ ಪುಸ್ತಕಕ್ಕೆ ರುಜು ಹಾಕಿ ಸುಮ್ಮನೆ ಕುಳಿತರೂ ದಿನ ತುಂಬುತ್ತದೆ. ಇಲ್ಲಿ ಮುಂಜಾನೆ ಐದಕ್ಕೆ ಎದ್ದು, ಸಮವಸ್ತ್ರ ತೊಟ್ಟು, ಸಂಜೆಯವರೆಗೆ ಮೋಡವನ್ನು ನೋಡುತ್ತ ಕುಳಿತವನ ಪುಟದಲ್ಲಿ ಸೊನ್ನೆಯೂ ಬೀಳುವುದಿಲ್ಲ, ಸಾಲೇ ಇರುವುದಿಲ್ಲ.

ದಖ್ಖಣದ ಆಕಾಶ ಸಾಧುವೆಂದು ಹೆಸರು. ವರ್ಷದ ಬಹುಭಾಗ ಹಾಗೆಯೇ ಇರುವುದೂ ಹೌದು. ಆದರೆ ಚೈತ್ರ ವೈಶಾಖಗಳಲ್ಲಿ ಬಿಸಿಲೇರಿದಂತೆ ಕಾದ ನೆಲದಿಂದ ಮೇಲೇಳುವ ಗಾಳಿ ಸಣ್ಣ ವಿಮಾನವನ್ನು ಮೊರದಲ್ಲಿನ ಅಕ್ಕಿಯಂತೆ ಕೇರುತ್ತದೆ. ಮಧ್ಯಾಹ್ನ ಕಳೆದ ಮೇಲೆ ಒಮ್ಮೊಮ್ಮೆ ಗುಡುಗಿನ ಮೋಡ ಗೋಪುರದಂತೆ ಎದ್ದು ನಿಲ್ಲುತ್ತದೆ. ಅದರ ಹತ್ತಿರ ಸುಳಿಯಲು ದೊಡ್ಡ ವಿಮಾನಗಳೇ ಅಂಜುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಮಾಗಿಯ ಬೆಳಗುಗಳಲ್ಲಿ ಮಂಜೂ ಕಾರ್ಖಾನೆಯ ಹೊಗೆಯೂ ಬೆರೆತು ಕವಿಯುವುದನ್ನು ಜೀಡಿಮೆಟ್ಲಾದವರಿಗೆ ನಾವು ಹೇಳಬೇಕಾಗಿಲ್ಲ. ಕಣ್ಣಿನಿಂದ ನೋಡಿ ಹಾರುವವರಿಗೆ ಸಾಮಾನ್ಯವಾಗಿ 5 ಕಿಲೋಮೀಟರು ದೂರ ಕಾಣಿಸಬೇಕು. ಮೋಡದಿಂದ ಅಡ್ಡಕ್ಕೆ ಒಂದೂವರೆ ಕಿಲೋಮೀಟರು, ಮೇಲಕ್ಕೂ ಕೆಳಕ್ಕೂ 1000 ಅಡಿ ದೂರವಿರಬೇಕು. ಇನ್ನು ಆ 300 ಮೈಲಿಯ ಯಾನಕ್ಕೆ ಹೊರಡುವ ಊರು ತಿಳಿಯಾಗಿದ್ದರೆ ಸಾಲದು. ಇಳಿಯುವ ಎರಡು ಊರುಗಳೂ, ನಡುವಣ ದಾರಿಯೂ ಅದೇ ದಿನ ತಿಳಿಯಾಗಿರಬೇಕು. ಮಳೆಗಾಲದಲ್ಲಿ ಈ ಮೂರೂ ಕೂಡಿಬರುವುದು ಮದುವೆಯ ಮುಹೂರ್ತ ಕೂಡಿಬಂದಂತೆಯೇ.

ಮಳೆ ಹಿಡಿದಷ್ಟು ದಿನವೂ ಕೋಣೆಯ ಬಾಡಿಗೆ ನಡೆಯುತ್ತದೆ, ಸಾಲದ ಬಡ್ಡಿ ಬೆಳೆಯುತ್ತದೆ. ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ತಂದೆ ದೂರವಾಣಿಯಲ್ಲಿ, "ಇವತ್ತು ಎಷ್ಟು ಗಂಟೆ ಆಯಿತು, ಮಗಾ?" ಎಂದು ಕೇಳುತ್ತಾರೆ. ವಾತ್ಸಲ್ಯದ ಪ್ರಶ್ನೆಯೇ ಅದು. ಆದರೆ ಹದಿನೈದು ದಿನ "ಇಲ್ಲಪ್ಪಾ" ಎಂದು ಉತ್ತರಿಸಿದ ಹುಡುಗನ ಕಣ್ಣಿಗೆ ಹದಿನಾರನೆಯ ದಿನದ ಮೋಡ ಇರುವುದಕ್ಕಿಂತ ತೆಳ್ಳಗೆ ಕಾಣತೊಡಗುತ್ತದೆ. ಅಪಾಯ ಇರುವುದು ಅಲ್ಲಿ.

ಮೋಡದೊಳಕ್ಕೆ ಹೊಕ್ಕರೆ ಏನಾಗುವುದೆಂಬುದನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1954ರಷ್ಟು ಹಿಂದೆಯೇ ಅಳೆದು ನೋಡಿದ್ದಾರೆ. ಉಪಕರಣಗಳ ಹಾರಾಟದಲ್ಲಿ ಪಳಗದ 20 ಜನರನ್ನು ಆರಿಸಿ, ಹೊರಗಣ ನೋಟವನ್ನು ಮರೆಮಾಡಿ, ವಿಮಾನವನ್ನು ಅವರ ಕೈಗೆ ಒಪ್ಪಿಸಿದರು. ಇಪ್ಪತ್ತು ಜನರೂ ಹಿಡಿತ ತಪ್ಪಿದರು. ಒಬ್ಬನು 20 ಸೆಕೆಂಡಿನಲ್ಲಿ, ಎಲ್ಲರಿಗಿಂತ ಹೆಚ್ಚು ತಾಳಿದವನು 480 ಸೆಕೆಂಡಿನಲ್ಲಿ. ಸರಾಸರಿ 178 ಸೆಕೆಂಡು. ಒಂದು ಮಸಾಲೆ ದೋಸೆ ಕಾವಲಿಯಿಂದ ಏಳುವುದಕ್ಕೂ ಸಾಲದಷ್ಟು ಹೊತ್ತು! ಕಾರಣವಿರುವುದು ನಮ್ಮ ಕಿವಿಯೊಳಗೆ. ದೇಹದ ಸಮತೋಲನವನ್ನು ತಿಳಿಸುವ ಒಳಗಿವಿಯ ದ್ರವವು, ವಿಮಾನ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಒಗ್ಗಿಬಿಡುತ್ತದೆ. ಕುಳಿತವನಿಗೆ ನೇರವಾಗಿ ಹೋಗುತ್ತಿರುವೆನೆಂದೇ ಭಾಸವಾಗುತ್ತದೆ. ಎತ್ತರ ಇಳಿಯುವುದನ್ನು ಕಂಡು ಅವನು ಮೂತಿಯನ್ನು ಮೇಲಕ್ಕೆಳೆದರೆ ಸುರುಳಿ ಮತ್ತಷ್ಟು ಬಿಗಿಯಾಗುತ್ತದೆ. ಕಿವಿಯನ್ನು ನಂಬದೆ ಮುಳ್ಳನ್ನು ನಂಬಲು ಕಲಿಯುವುದಕ್ಕಾಗಿಯೇ ಆ 10 ಗಂಟೆಗಳು. ಅವನ್ನು ಶಿಕ್ಷಕರ ಜೊತೆಯಲ್ಲಿ, ಕಣ್ಣಿಗೆ ಮರೆ ಕಟ್ಟಿಕೊಂಡು ಕಲಿಯುವುದುಂಟೇ ಹೊರತು ಒಂಟಿಯಾಗಿ ಮೋಡಕ್ಕೆ ನುಗ್ಗಿ ಅಲ್ಲ.

2019ರ ಅಕ್ಟೋಬರ್ 6ರಂದು ನಮ್ಮ ನೆರೆಯ ವಿಕಾರಾಬಾದ್ ಜಿಲ್ಲೆಯ ಸುಲ್ತಾನಪುರದ ಹೊಲದಲ್ಲಿ ತರಬೇತಿಯ ಸೆಸ್ನಾ ವಿಮಾನವೊಂದು ಬಿದ್ದು, ಕಲಿಯುತ್ತಿದ್ದ ತರುಣ ತರುಣಿಯರಿಬ್ಬರು ತೀರಿಕೊಂಡರು. ಅಲ್ಲಿ ಮಳೆಯಿದ್ದಿತೆಂದು ಆಗಿನ ಪತ್ರಿಕೆಗಳು ವರದಿ ಮಾಡಿದ್ದುವು. ಆ ಮನೆಗಳ ದುಃಖದ ಮೇಲೆ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ.

ಗಂಟೆಯ ಹಸಿವಿಗೆ ಮತ್ತೊಂದು ಅಡ್ಡದಾರಿಯೂ ಉಂಟು. ಅದು ಲೇಖನಿಯ ದಾರಿ. 2011ರಲ್ಲಿ ಹಾರದ ಗಂಟೆಗಳನ್ನು ಪುಸ್ತಕದಲ್ಲಿ ಹಾರಿಸಿ ಲೈಸೆನ್ಸು ಪಡೆದವರ ಪ್ರಕರಣಗಳು ಹೊರಬಿದ್ದು ರಾಜಸ್ಥಾನದಲ್ಲಿ ಬಂಧನಗಳಾದುವು. ಲೆಕ್ಕದ ಪುಸ್ತಕದಲ್ಲಿ ಕೈಚಳಕ ತೋರಿದವನು ದಣಿಗೆ ಹಣ ತೆತ್ತು ಪಾರಾದಾನು. ಇಲ್ಲಿ ಬಾಕಿ ತೆರುವವರು ಹಿಂದಿನ ಆಸನಗಳಲ್ಲಿ ಕುಳಿತ ಜನ.

ಹಾಗಾದರೆ ಮಳೆಯ ದಿನಗಳು ವ್ಯರ್ಥವೇ? ಹಾಗೇನಿಲ್ಲ. ಹವಾಮಾನ, ಯಾನಶಾಸ್ತ್ರ, ವಾಯುಯಾನ ನಿಯಮ, ವಿಮಾನದ ಯಂತ್ರಜ್ಞಾನ ಇವುಗಳ ಪರೀಕ್ಷೆಗಳನ್ನು ಹೇಗಿದ್ದರೂ ಬರೆಯಲೇಬೇಕು. ರೇಡಿಯೋ ಮಾತಿನ ಪರೀಕ್ಷೆ ಬೇರೆ. ಉಪಕರಣಗಳ 10 ಗಂಟೆಯಲ್ಲಿ 5ರವರೆಗೆ ನೆಲದ ಮೇಲಣ ಸಿಮ್ಯುಲೇಟರಿನಲ್ಲಿ ಮುಗಿಸಲು ಅವಕಾಶವಿದೆ. ವಿಮಾನನಿಲ್ದಾಣದ ಹವಾವರದಿಯನ್ನು ಓದಿ, ಹೊರಗೆ ಬಂದು ಅದೇ ಮೋಡವನ್ನು ಕಣ್ಣಳತೆಯಲ್ಲಿ ಅಳೆದು, ಎರಡನ್ನೂ ಹೋಲಿಸುವ ಹುಡುಗನಿಗೆ ಹವಾಮಾನದ ಪಾಠ ಪುಸ್ತಕದಲ್ಲಿಲ್ಲದಷ್ಟು ಸಿಗುತ್ತದೆ.

ತಂದೆತಾಯಿಗಳಿಗೂ ಎರಡು ಮಾತು. ಹೈದರಾಬಾದೇ ಆಗಬೇಕೆಂದಿಲ್ಲ. ಹಾರಾಟ ಶಾಲೆಗಳಿಗಾಗಿ 2021ರಲ್ಲಿ ಆರಿಸಿದ ಐದು ವಿಮಾನನಿಲ್ದಾಣಗಳಲ್ಲಿ ನಮ್ಮ ಕಲಬುರಗಿ, ಬೆಳಗಾವಿಗಳೂ ಇದ್ದುವು. ಬೆಳಗಾವಿಯ ಮಳೆ ಕಲಬುರಗಿಯದಲ್ಲವೆಂಬುದನ್ನು ಆ ಸೀಮೆಯವರು ಬಲ್ಲರು. ಎಲ್ಲಿಗೆ ಸೇರಿಸಿದರೂ, ಹಿಂಗಾರು ಕಳೆದು ಆಕಾಶ ತಿಳಿಯಾಗುವ ಹೊತ್ತಿಗೆ ಹಾರಾಟ ಮೊದಲಾಗುವಂತೆ ಏರ್ಪಾಡು ಮಾಡಿಕೊಳ್ಳುವುದು ಮೇಲು. ಒಣಗಾಲದ ತಿಂಗಳುಗಳು ಮುಂದೆ ಸಾಲಾಗಿರುತ್ತವೆ. ಮಳೆಗಾಲದ ನಾಲ್ಕು ತಿಂಗಳ ಬಾಡಿಗೆಯನ್ನೂ ಬಡ್ಡಿಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿಟ್ಟರೆ ಹುಡುಗನ ಮೇಲಿನ ಭಾರ ಅಷ್ಟು ಇಳಿಯಿತು. ಶುಲ್ಕ ಕಟ್ಟುವ ಮುನ್ನ ಶಾಲೆಯಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಶಿಕ್ಷಕರೆಷ್ಟು, ಕಲಿಯುವವರೆಷ್ಟು ಎಂದು ನೇರವಾಗಿ ಕೇಳಿ ಬರೆದುಕೊಳ್ಳಬೇಕು. ಏಕೆಂದರೆ ಹತ್ತು ದಿನ ಸುರಿದು ಹನ್ನೊಂದನೆಯ ದಿನ ಬಿಸಿಲು ಬಿದ್ದಾಗ, ಅಂಗಳದಲ್ಲಿ ನಿಂತ ನಾಲ್ಕು ವಿಮಾನಗಳ ಮುಂದೆ ನಲವತ್ತು ಹುಡುಗರ ಸರತಿ ನಿಂತಿರುತ್ತದೆ. ಸಂಜೆಯೊಳಗೆ ಎಷ್ಟು ಜನರ ಸರದಿ ಬಂದೀತೆಂಬುದನ್ನು ನಮ್ಮ ಗುಮಾಸ್ತರು ಬೆರಳಿನಲ್ಲಿಯೇ ಎಣಿಸಬಲ್ಲರು.