ನಾಟಿದ ಹಲ್ಲಿನ ಕಿರೀಟವೂ ಅದರ ಸುತ್ತಲಿನ ಎಲುಬೂ

ತ, ಥ, ದ, ಧ, ನ ಎಂಬ ವರ್ಣಗಳಿಗೆ ವೈಯಾಕರಣರು ದಂತ್ಯಗಳೆಂದು ಹೆಸರಿಟ್ಟಿರುವರು. ನಾಲಗೆಯ ತುದಿಯು ಮೇಲ್ಸಾಲಿನ ಹಲ್ಲುಗಳ ಹಿಂಬದಿಯನ್ನು ಮುಟ್ಟಿದಾಗ ಈ ವರ್ಣಗಳು ಹುಟ್ಟುವುದರಿಂದ, ಮುಂಬಲ್ಲು ಬಿದ್ದವರ ಉಚ್ಚಾರವು ಕೆಡುವುದು ಸಹಜವೇ. ಹಲ್ಲು ಅನ್ನಕ್ಕೆ ಮಾತ್ರವಲ್ಲದೆ ನುಡಿಗೂ ಆಧಾರವಾಗಿದೆ. ಈ ಆಧಾರವು ತಪ್ಪಿದಾಗ ತೆಗೆದಿಡತಕ್ಕ ಕಟ್ಟುಹಲ್ಲು, ನೆರೆಯ ಹಲ್ಲುಗಳನ್ನು ಅರೆದು ಕೂಡಿಸುವ ಸೇತುವೆ, ದವಡೆಯ ಎಲುಬಿನಲ್ಲಿಯೇ ನಾಟುವ ಇಂಪ್ಲಾಂಟ್ ಎಂಬ ಮೂರು ಉಪಾಯಗಳುಂಟು. ಇವುಗಳಲ್ಲಿ ಮೂರನೆಯದೇ ಇಲ್ಲಿಯ ವಿಷಯವು.

ಸ್ವೀಡನ್ ದೇಶದ ಪೆರ್-ಇಂಗ್ವರ್ ಬ್ರಾನೆಮಾರ್ಕ್ ಎಂಬ ವಿಜ್ಞಾನಿಯು 1952ರ ಸುಮಾರಿಗೆ ಮೊಲದ ಎಲುಬಿನಲ್ಲಿ ಟೈಟೇನಿಯಂ ಲೋಹದ ಉಪಕರಣವನ್ನಿರಿಸಿ ಪರೀಕ್ಷಿಸುತ್ತಿರುವಾಗ, ಎಲುಬು ಆ ಲೋಹವನ್ನು ಬಿಡದೆ ಅಪ್ಪಿಕೊಂಡುದನ್ನು ಕಂಡನು. 1965ರಲ್ಲಿ ಆತನು ಮೊದಲನೆಯ ಸಲ ಮನುಷ್ಯನ ದವಡೆಯಲ್ಲಿ ಇಂತಹ ಬೇರುಗಳನ್ನು ನಾಟಿದನು. 1982ರ ಟೊರಾಂಟೊ ಸಮ್ಮೇಲನದ ತರುವಾಯ ಈ ವಿದ್ಯೆಯು ಜಗತ್ತಿನಲ್ಲೆಲ್ಲ ಮಾನ್ಯವಾಯಿತು. ಹುಬ್ಬಳ್ಳಿ-ಧಾರವಾಡಗಳ ನಡುವಣ ಸತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತ ಮಹಾವಿದ್ಯಾಲಯದಲ್ಲಿ, ಇತರ ದಂತ ವಿದ್ಯಾಲಯಗಳಲ್ಲಿಯಂತೆಯೇ, ಕೃತಕದಂತ ಶಾಸ್ತ್ರವೂ ಒಸಡಿನ ಶಾಸ್ತ್ರವೂ ಬೇರೆಬೇರೆ ವಿಭಾಗಗಳಾಗಿವೆ. ನಾಟಿದ ಹಲ್ಲಿನ ವಿಷಯದಲ್ಲಿ ಮಾತ್ರ ಇವೆರಡನ್ನೂ ಬೇರ್ಪಡಿಸಲಾಗದು.

ನಾಟಿದ ಹಲ್ಲಿಗೆ ಮೂರು ಅಂಗಗಳುಂಟು. ಎಲುಬಿನೊಳಗಿರುವ ಟೈಟೇನಿಯಂ ತಿರುಪು ಬೇರು. ಒಸಡನ್ನು ದಾಟಿ ಮೇಲೆ ಬರುವ ಅಬಟ್‌ಮೆಂಟ್ ಎಂಬ ತುಂಡು ಕಾಂಡ. ಜನರು ‘ಕ್ಯಾಪ್’ ಎಂದು ಕರೆಯುವ ಕಿರೀಟವು ಕಣ್ಣಿಗೆ ಕಾಣುವ ಹಲ್ಲು. ಬೇರನ್ನು ನಾಟಿದ ಮೇಲೆ ಎಲುಬು ಅದನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳುಗಳವರೆಗೆ ಕಾದು, ಅನಂತರ ಕಿರೀಟವನ್ನು ಕೂಡಿಸುವರು.

ಸಹಜವಾದ ಹಲ್ಲಿಗೂ ಎಲುಬಿಗೂ ನಡುವೆ ಸೂಕ್ಷ್ಮವಾದ ನಾರುಗಳ ಪದರವಿದ್ದು, ಅದು ಅಗಿತದ ಭಾರವನ್ನು ತಾಳುವುದಲ್ಲದೆ ಒತ್ತಡದ ಅರಿವನ್ನೂ ಕೊಡುತ್ತದೆ. ನಾಟಿದ ಬೇರಿಗೆ ಆ ಪದರವಿಲ್ಲ. ಒಸಡಿನ ನಾರುಗಳು ಸಹಜ ಹಲ್ಲಿನ ಬೇರಿನೊಳಗೆ ನೆಟ್ಟುಕೊಂಡಿರುವವು; ಲೋಹದ ಬೇರನ್ನಾದರೋ ಅವು ಸುತ್ತುವರಿದಿರುವವೇ ಹೊರತು ಒಳಹೊಗುವುದಿಲ್ಲ. ಆದುದರಿಂದ ಹಲ್ಲಿನ ಮೇಲೆ ಕಟ್ಟುವ ಪಾಚಿಯೊಳಗಿನ ಸೂಕ್ಷ್ಮಜೀವಿಗಳು ಕೆಳಗಿಳಿಯುವುದಕ್ಕೆ ಇಲ್ಲಿ ತಡೆಯು ಕಡಿಮೆ. ಎಲುಬು ಸವೆಯುತ್ತಿದ್ದರೂ ನೋವು ತೋರದಿರುವುದೇ ಹೆಚ್ಚು. ಹಲ್ಲು ಅಲುಗಾಡತೊಡಗುವ ಹೊತ್ತಿಗೆ ಅದನ್ನು ಉಳಿಸುವ ಕಾಲವು ಮೀರಿರುತ್ತದೆ.

ಎಲುಬಿನ ಹಾನಿಗೆ ಕಿರೀಟದ ರಚನೆಯೂ ಕಾರಣವಾಗಬಹುದು. ಕಿರೀಟವು ಒಸಡಿನಿಂದ ಹೊರಡುವಲ್ಲಿ ಅತಿಯಾಗಿ ಉಬ್ಬಿದ್ದರೆ ಬ್ರಶ್ಶು ಅದರ ಬುಡಕ್ಕೆ ತಲುಪದು. ಸಿಮೆಂಟಿನಿಂದ ಅಂಟಿಸುವಾಗ ಹೊರಚೆಲ್ಲಿದ ಅಂಟು ಒಸಡಿನ ಕೆಳಗೆ ಉಳಿದರೆ, ಅದೇ ಉರಿಯೂತಕ್ಕೆ ಬೀಜವಾಗುವುದು. ತಿರುಪಿನಿಂದ ಬಿಗಿದ ಕಿರೀಟಕ್ಕೆ ಈ ಅಪಾಯವಿಲ್ಲ. ಬೇಕಾದಾಗ ಅದನ್ನು ಬಿಚ್ಚಿ ಶೋಧಿಸಲೂ ಬರುವುದು. ಇವಲ್ಲದೆ ಹಿಂದೆ ಒಸಡುರೋಗವಿದ್ದವರಲ್ಲಿಯೂ, ಮಧುಮೇಹವು ಹತೋಟಿಯಲ್ಲಿಲ್ಲದವರಲ್ಲಿಯೂ, ಧೂಮಪಾನಿಗಳಲ್ಲಿಯೂ ಅಪಾಯವು ಅಧಿಕ.

ಎಲುಬು ಇಳಿದುದೆಲ್ಲವೂ ರೋಗವೆಂದು ಭಾವಿಸತಕ್ಕದ್ದಲ್ಲ. ಮೊದಲನೆಯ ವರ್ಷದಲ್ಲಿ ಸ್ವಲ್ಪ ಇಳಿತವು ಸಾಮಾನ್ಯ. ಆ ಬಳಿಕ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಕಡಿಮೆಯಿರಬೇಕೆಂಬುದು 1986ರಲ್ಲಿ ವಿದ್ವಾಂಸರು ನಿಗದಿಪಡಿಸಿದ ಪ್ರಮಾಣವು. ಆದರೆ ಹೋಲಿಕೆಗೆ ಮೊದಲಿನ ಚಿತ್ರವಿಲ್ಲದೆ ಇಳಿತವನ್ನು ಅಳೆಯುವುದೆಂತು? ಗ್ರಂಥಸಂಪಾದಕನಿಗೆ ಮೂಲಪ್ರತಿಯಿದ್ದಂತೆ, ಕಿರೀಟವನ್ನು ಕೂಡಿಸಿದ ದಿನದ ಕ್ಷ-ಕಿರಣಚಿತ್ರವು ವೈದ್ಯನಿಗೆ ಬೇಕು. ಅದು ದೊರೆಯದ ಪಕ್ಷದಲ್ಲಿ, ಮುಟ್ಟಿದಾಗ ರಕ್ತ ಅಥವಾ ಕೀವು ಬರುವುದರೊಡನೆ ಒಸಡಿನ ಕುಳಿಯ ಆಳವು 6 ಮಿಲಿಮೀಟರಿಗೂ ಎಲುಬಿನ ಇಳಿತವು 3 ಮಿಲಿಮೀಟರಿಗೂ ಕಡಿಮೆಯಿಲ್ಲದಿದ್ದರೆ ರೋಗವೆಂದು ನಿರ್ಣಯಿಸಬೇಕೆಂದು 2017ರ ಅಂತರರಾಷ್ಟ್ರೀಯ ವಿದ್ವತ್ಸಭೆಯು ಗೊತ್ತುಪಡಿಸಿತು. ಹುಬ್ಬಳ್ಳಿಯಲ್ಲಿ ಹಲ್ಲು ನಾಟಿಸಿಕೊಂಡು ಬೇರೆ ಊರಿಗೆ ಹೋಗಿ ನೆಲಸುವವರು ಆ ಚಿತ್ರವನ್ನೂ ಬೇರಿನ ವಿವರಪತ್ರವನ್ನೂ ಜೋಪಾನವಾಗಿಟ್ಟುಕೊಳ್ಳಬೇಕಾದ ಕಾರಣವಿದೇ.

ಚಿಕಿತ್ಸೆಯಲ್ಲಿ ಕ್ರಮವುಂಟು. ಉರಿಯೂತವು ಒಸಡಿನಲ್ಲಿ ಮಾತ್ರ ಇದ್ದರೆ ಪಾಚಿಯನ್ನು ತೆಗೆದು, ದಿನನಿತ್ಯದ ಶುದ್ಧಿಯನ್ನು ಕಲಿಸಿದರೆ ಅದು ಹಿಂಜರಿಯಬಲ್ಲುದು. ಎಲುಬಿಗೆ ತಗಲಿದ್ದರೆ ಮೊದಲು ಶಸ್ತ್ರವಿಲ್ಲದೆ ಶೋಧಿಸುವರು. ಅಡ್ಡಬರುವ ಕಿರೀಟವನ್ನು ಬಿಚ್ಚುವುದು ಇಲ್ಲವೆ ತಿದ್ದುವುದೂ ಉಂಟು. ಅದರಿಂದ ಗುಣವಾಗದಿದ್ದರೆ ಒಸಡನ್ನು ತೆರೆದು ಲೋಹದ ಮೈಯನ್ನು ಶುದ್ಧಗೊಳಿಸುವರು. ಸವೆದ ಸ್ಥಳವು ಸುತ್ತಲೂ ಗೋಡೆಯಿರುವ ಗುಂಡಿಯಂತಿದ್ದರೆ ಎಲುಬಿನ ಪುಡಿಯನ್ನು ತುಂಬಿ ನೋಡಬಹುದು. ಗೋಡೆಯಿಲ್ಲದಿದ್ದರೆ ಒಸಡನ್ನು ತಗ್ಗಿಸಿ, ಬ್ರಶ್ಶಿಗೆ ಎಟಕುವಂತೆ ಮಾಡುವರು. ಅಲುಗಾಡುವ ಬೇರನ್ನು ಮಾತ್ರ ತೆಗೆಯುವುದೇ ಸರಿ.

ಕಿರೀಟಧಾರಣೆಯು ಅರಸನಿಗೆ ರಾಜ್ಯಭಾರದ ಆರಂಭವೇ ಹೊರತು ಮುಕ್ತಾಯವಲ್ಲ. ನಾಟಿದ ಹಲ್ಲಿಗೂ ಹಾಗೆಯೇ. ಕ್ಯಾಪು ಕೂಡಿದ ದಿನವೇ ಕೆಲಸವು ತೀರಿತೆಂದು ತಿಳಿದು ಪರೀಕ್ಷೆಗೆ ಬಾರದವರು, ಹೊರಗೆ ಹೊಳೆಯುವ ಹಲ್ಲನ್ನು ಕಂಡು ನೆಮ್ಮದಿಯಿಂದಿರುವಾಗಲೇ ಒಳಗಿನ ಎಲುಬನ್ನು ಕಳೆದುಕೊಳ್ಳುವ ಸಂಭವವುಂಟು.